ಬುತ್ತಿ ಕಟ್ಟಿಕೊಂಡು ಹೋಗುವ ದ್ವೀಪ

ನಮ್ಮ ಕಡೆ ಎಳ್ಳಮಾವಾಸ್ಯೆ ಬಂತೆಂದರೆ ಹೆಣ್ಣುಮಕ್ಕಳಿಗೆ ನಿದ್ದೆ ಇಲ್ಲ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ ಎಲ್ಲ ನಸುಕಿನಲ್ಲೇ ಆಗಬೇಕು. ಬುತ್ತಿ ಕಟ್ಟಿ, ಬಂಡಿ ಹೂಡಿ, ಮಕ್ಕಳನ್ನು ಹತ್ತಿಸಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಗಿಡದ ನೆರಳಿಗೆ ಉಂಡು ಸಂಜೆಗೆ ಮರಳುವುದು. ನನ್ನ ಅಜ್ಜಿಯ ಹೊಲ ಕೃಷ್ಣೆಯ ದಂಡೆಯಲ್ಲಿತ್ತು. "ವರ್ಷಕ್ಕೊಮ್ಮೆಯಾದ್ರೂ ಹೆಣ್ಮಕ್ಕಳು ಬಂದು ಉಂಡು ಹೋದ್ರ ಭೂಮಿತಾಯಿ ನಮ್ಮನ್ನ ಮರಿಯಂಗಿಲ್ಲವ್ವ" ಎನ್ನುತ್ತಿದ್ದಳು.

ಈ ಮಾತು ಮತ್ತೆ ನೆನಪಾದದ್ದು ದೂರದ ಮಂಗಳೂರಿನಲ್ಲಿ. ಶಾಲೆಯ ಮಕ್ಕಳೊಂದಿಗೆ ಪ್ರವಾಸ ಹೋದಾಗ ಹಳೆಯ ಬಂದರಿನಲ್ಲಿ ಒಂದು ಮಂಜಿಗೆ ಈರುಳ್ಳಿ, ತರಕಾರಿ, ಸಿಮೆಂಟು ತುಂಬುತ್ತಿದ್ದರು. ಲಕ್ಷದ್ವೀಪಕ್ಕೆ ಹೊರಟ ಸಾಮಾನು. ಅಷ್ಟಿಷ್ಟು ಕನ್ನಡ ಬಲ್ಲ ಚೆಟ್ಲಾತ್ ದ್ವೀಪದ ಒಬ್ಬ ಹಿರಿಯರನ್ನು ಮಾತನಾಡಿಸಿದೆ. "ರಜೆಗೆ ನೀವು ಎಲ್ಲಿಗೆ ಹೋಗ್ತೀರಿ?" ಎಂದು ನಮ್ಮ ಹುಡುಗಿಯೊಬ್ಬಳು ಕೇಳಿದಳು. ಅವರು ನಕ್ಕು, "ನಮ್ಮದೂ ದ್ವೀಪವೇ, ರಜೆಗೂ ದ್ವೀಪವೇ. ಯಾರೂ ಇಲ್ಲದ ದ್ವೀಪಕ್ಕೆ ಅಕ್ಕಿ, ಪಾತ್ರೆ ತಕ್ಕೊಂಡು ಹೋಗ್ತೇವೆ ಟೀಚರ್. ಮೀನು ಅಲ್ಲೇ, ತೆಂಗು ಅಲ್ಲೇ. ಮರಳಲ್ಲೇ ನಿದ್ದೆ" ಎಂದರು. ನನಗೆ ನಮ್ಮ ಬಂಡಿ ಕಣ್ಣಮುಂದೆ ಬಂತು.

ಊರಿಗೆ ಬಂದು ಪುಸ್ತಕ ತೆಗೆದೆ. ಹವಳದ ಈ ದ್ವೀಪಗಳಲ್ಲಿ ಜನವಸತಿಯಿರುವವು ಹತ್ತೇ. ಉಳಿದವು ಬರಿದಾದರೂ ಯಾರಿಗೂ ಬೇಡವಾದವಲ್ಲ. ಸುಹೇಲಿಗೆ ಕವರತ್ತಿಯವರು ತೆಂಗಿಗೂ ಮೀನಿಗೂ ಹೋಗಿ ವಾರಗಟ್ಟಲೆ ಬೀಡುಬಿಡುವುದು ಹಳೆಯ ರೂಢಿ. ಬಂಗಾರಂ ಅಗತ್ತಿಯವರ ಪಾಲು. ಪ್ರಧಾನಿ ರಾಜೀವ್ ಗಾಂಧಿಯವರ ಕುಟುಂಬ 1987ರ ಕೊನೆಯಲ್ಲಿ ಅಲ್ಲಿ ರಜೆ ಕಳೆದಾಗ ದೇಶವೆಲ್ಲ ಆ ಹೆಸರು ಕೇಳಿತು. ಅಗತ್ತಿಯವರಿಗೆ ಅದು ಹೊಸ ಹೆಸರೇನಲ್ಲ.

ಇನ್ನೊಂದು ಸಂಗತಿ ನಮ್ಮ ಪಠ್ಯದಲ್ಲಿ ಸಿಗದು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್ ಈ ಉತ್ತರದ ದ್ವೀಪಗಳ ಜನ ಕಣ್ಣಾನೂರಿನ ಅರಸರ ಆಳ್ವಿಕೆಗೆ ಬೇಸತ್ತು ಮಂಗಳೂರಿಗೆ ಬಂದು ಟಿಪ್ಪುವಿನ ಆಶ್ರಯ ಪಡೆದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಅವು ಕಂಪನಿಯ ಕೈಸೇರಿದವು. ಮುಂದೆ ಮಂಗಳೂರಿನ ಕಲೆಕ್ಟರರೇ ಅವುಗಳ ದೊರೆ. ಅಲ್ಲಿಯ ಹೆಂಗಸರು ತೆಂಗಿನ ನಾರು ನೆನೆಸಿ ಹೊಸೆದ ಹಗ್ಗ ಮಂಗಳೂರಿಗೆ ಬರುತ್ತಿತ್ತು, ಅದಕ್ಕೆ ಬದಲಾಗಿ ಅಕ್ಕಿ ಹೋಗುತ್ತಿತ್ತು. 1956ರ ನವೆಂಬರ್ 1ರಂದು ಆ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರೆಯಾಗಿ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ಅದೇ ದಿನ ನಮ್ಮ ಕೆಂಭಾವಿ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಒಂದೇ ದಿನ ನಾವು ಕನ್ನಡದ ಮನೆಯೊಳಗೆ ಬಂದೆವು, ಅವರು ಹೊರಗೆ ಹೋದರು.

ಅಲ್ಲಿಯ ಮುಸ್ಲಿಂ ಮನೆತನಗಳಲ್ಲಿ ಹಿರಿಯರ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ. ಅದಕ್ಕೆ ಶುಕ್ರವಾರದ ಸೊತ್ತು ಎನ್ನುತ್ತಾರೆ. ಸ್ವಂತ ದುಡಿದು ಗಳಿಸಿದ್ದು ಸೋಮವಾರದ ಸೊತ್ತು. ತವರಿನ ಹೊಲದಲ್ಲಿ ಪಾಲು ಕೇಳಿದರೆ ಮುಖ ತಿರುಗಿಸುವವರ ನಡುವೆ ಬೆಳೆದ ನಾನು ಈ ಪುಟವನ್ನು ಎರಡು ಸಲ ಓದಿದೆ.

ಈ ದ್ವೀಪಗಳಲ್ಲಿ ಬಿತ್ರಾದ ಕತೆ ಮನಸ್ಸಿನಿಂದ ಹೋಗದು. ಅದರ ವಿಸ್ತಾರ ಸುಮಾರು 26 ಎಕರೆ, ನಮ್ಮಲ್ಲಿ ಒಬ್ಬ ದೊಡ್ಡ ರೈತನ ಹೊಲದಷ್ಟು. ಮೊದಲು ಅದು ಕಡಲ ಹಕ್ಕಿಗಳು ಮೊಟ್ಟೆಯಿಡುವ ತಾಣ. ಮಲಿಕ್ ಮುಲ್ಲಾ ಎಂಬ ಸಂತರ ಗೋರಿಗೆ ಸುತ್ತಲ ದ್ವೀಪದವರು ಹರಕೆ ಹೊತ್ತು ಬರುತ್ತಾರೆ. ಹೀಗೆ ಬಂದು ಹೋಗುವ ನೆಲದಲ್ಲಿ 1945ರ ಸುಮಾರಿಗೆ ಚೆಟ್ಲಾತಿನ ಒಬ್ಬ ಮುದುಕಿ ಮಗನೊಂದಿಗೆ ಬಂದು ನಿಂತೇಬಿಟ್ಟಳು. ಅವಳೇ ಮೊದಲ ಒಕ್ಕಲು. ಒಲೆಗೆ ಮೂರು ಕಲ್ಲು ಹೂಡಿದ ಆ ತಾಯಿಯ ಹೆಸರು ನಾನು ಓದಿದ ಯಾವ ಪುಟದಲ್ಲೂ ಇಲ್ಲ. 2011ರ ಜನಗಣತಿಯ ಹೊತ್ತಿಗೆ ಅಲ್ಲಿ 271 ಜನರಿದ್ದರು.

2025ರ ಜುಲೈನಲ್ಲಿ ರಕ್ಷಣಾ ಉದ್ದೇಶಕ್ಕಾಗಿ ಇಡೀ ಬಿತ್ರಾವನ್ನು ಸ್ವಾಧೀನಪಡಿಸಿಕೊಳ್ಳುವ ಸಲುವಾಗಿ, ಜನರ ಮೇಲಾಗುವ ಪರಿಣಾಮದ ಅಧ್ಯಯನಕ್ಕೆ ಲಕ್ಷದ್ವೀಪದ ಆಡಳಿತ ಪ್ರಕಟಣೆ ಹೊರಡಿಸಿತು. ಅಲ್ಲಿಯ ಜನ, ಅವರ ಸಂಸದರು ವಿರೋಧಿಸಿದರು. ದೇಶಕ್ಕೆ ಕಾವಲು ಬೇಡವೆಂದು ನಾನು ಹೇಳಲಾರೆ. ಆದರೆ ಸುದ್ದಿ ಓದಿದಾಗ ನನ್ನ ಕಣ್ಣಿಗೆ ಬಂದದ್ದು ಅಜ್ಜಿಯ ಹೊಲ.

ನಾರಾಯಣಪುರದ ಅಣೆಕಟ್ಟಿನ ಹಿನ್ನೀರು 1982ರ ಹೊತ್ತಿಗೆ ನಮ್ಮ ಹೊಲಕ್ಕೂ ಏರಿತು. ಆ ನೀರೇ ಕಾಲುವೆಯಾಗಿ ಬಂದು ಇಂದು ಕೆಂಭಾವಿಯ ಸುತ್ತ ಭತ್ತ ಬೆಳೆಸಿದೆ. ಆ ಅನ್ನ ನಾನೂ ಉಣ್ಣುತ್ತೇನೆ. ಆದರೆ ಅಳತೆಗೆ ಬಂದವರು ಕಾಗದದಲ್ಲಿ ಹೊಲದ ಒಂದು ಭಾಗವನ್ನು "ಪಡ" ಎಂದು ಬರೆದಿದ್ದರು. ಅದು ನಾವು ವರ್ಷಕ್ಕೊಮ್ಮೆ ಕೂತು ಉಣ್ಣುತ್ತಿದ್ದ ಗಿಡದ ಕೆಳಗಿನ ಜಾಗ. ಯಾರೂ ಬಿತ್ತದ ನೆಲ, ಆದ್ದರಿಂದ ಬೆಲೆ ಕಡಿಮೆ.

ಜನ ವಾಸವಿಲ್ಲ ಎಂಬುದೂ ಯಾರದೂ ಅಲ್ಲ ಎಂಬುದೂ ಒಂದೇ ಅಲ್ಲ ಎಂದು ಈಗ ಸಮಾಜ ಪಾಠದಲ್ಲಿ ಮಕ್ಕಳಿಗೆ ಹೇಳುತ್ತೇನೆ. ನಕ್ಷೆಯ ಚುಕ್ಕಿಯಲ್ಲಿ ಬುತ್ತಿ ಬಿಚ್ಚಿದವರು ಇರುತ್ತಾರೆ.

ನೀರು ಬಂದ ಮರುವರ್ಷದ ಎಳ್ಳಮಾವಾಸ್ಯೆಗೂ ಅಜ್ಜಿ ಬುತ್ತಿ ಕಟ್ಟಿದಳು. ಹಿನ್ನೀರಿನ ಅಂಚಿಗೆ ಹೋಗಿ ನಿಂತು, ಹೊಲವಿದ್ದ ದಿಕ್ಕಿಗೆ ಚರಗ ಚೆಲ್ಲಿದಳು. ಮೀನು ಬಂದು ತಿಂದವು. "ತಿನ್ನಲಿ ಬಿಡವ್ವ, ಈಗ ಅವೇ ಅಲ್ಲಿ ಒಕ್ಕಲು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.