ಸ್ವಾಮ್ಯವೂ ಸಂತೃಪ್ತಿಯೂ: ಫ್ರಾನ್ಸಿಸ್ಕನ್ ಸಂಘದ ಅಕಿಂಚನವ್ರತ ವಿವಾದ (1223–1328)

ಧನವಂತನು ಸಂತೃಪ್ತನಾಗಿರಬಲ್ಲನೆ, ಧನವನ್ನು ತ್ಯಜಿಸಿದವನಿಗೆ ಸಂತೃಪ್ತಿಯು ತಾನಾಗಿಯೇ ಲಭಿಸುವುದೆ ಎಂಬ ಪ್ರಶ್ನೆಗಳು ಕ್ರೈಸ್ತಧರ್ಮದ ಇತಿಹಾಸದಲ್ಲಿ ಮೊದಲಿನಿಂದಲೂ ಚರ್ಚೆಗೆ ಬಂದಿವೆ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯು ಅನ್ನವಸ್ತ್ರಗಳಿದ್ದರೆ ಅಷ್ಟರಲ್ಲಿಯೇ ತೃಪ್ತರಾಗಿರಬೇಕೆಂದು ಬೋಧಿಸುತ್ತದೆ. ಕ್ರಿ. ಶ. 200ರ ಸುಮಾರಿನಲ್ಲಿ ಅಲೆಕ್ಸಾಂಡ್ರಿಯದ ಕ್ಲೆಮೆಂಟನು ಧನವು ಕೇವಲ ಉಪಕರಣವೆಂದೂ, ತ್ಯಜಿಸಬೇಕಾದುದು ಅದರ ಮೇಲಣ ಆಸೆಯೆಂದೂ ವಾದಿಸಿದನು. ಮನಸ್ಸಿಗೆ ಸಂಬಂಧಿಸಿದ ಈ ಪ್ರಶ್ನೆಯು ಹದಿಮೂರನೆಯ ಶತಮಾನದಲ್ಲಿ ಸ್ವಾಮ್ಯದ ಪ್ರಶ್ನೆಯಾಗಿ ಹೇಗೆ ಮಾರ್ಪಟ್ಟಿತು, ಅದರಿಂದ ಏನಾಯಿತು ಎಂಬುದನ್ನು ನಾವು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಇಟಲಿಯ ಅಸ್ಸೀಸಿ ಪಟ್ಟಣದ ಬಟ್ಟೆಯ ವ್ಯಾಪಾರಿಯೊಬ್ಬನ ಮಗನಾದ ಫ್ರಾನ್ಸಿಸನು 1206ರ ಸುಮಾರಿನಲ್ಲಿ ಬಿಷಪನ ಸಮಕ್ಷಮದಲ್ಲಿ ಉಟ್ಟ ಬಟ್ಟೆಯನ್ನೂ ತಂದೆಗೆ ಹಿಂದಿರುಗಿಸಿ ಪಿತ್ರಾರ್ಜಿತವನ್ನು ತೊರೆದನು. ಅವನ ಸಂಘದ ನಿಯಮಾವಳಿಯನ್ನು 1223ರಲ್ಲಿ ಪೋಪ್ ಮೂರನೆಯ ಹೊನೋರಿಯಸನು ಅನುಮೋದಿಸಿದನು. ಭಿಕ್ಷುಗಳು ನಾಣ್ಯವನ್ನು ಸ್ವತಃ ಆಗಲಿ ಪರರ ಮೂಲಕವಾಗಲಿ ಸ್ವೀಕರಿಸಕೂಡದು, ಮನೆಯನ್ನಾಗಲಿ ನೆಲವನ್ನಾಗಲಿ ತಮ್ಮದೆನ್ನಕೂಡದು ಎಂಬುದು ಅದರ ವಿಧಿ. ಈ ನಿಯಮಗಳಿಗೆ ವ್ಯಾಖ್ಯಾನವನ್ನು ಸೇರಿಸಬಾರದೆಂದು ಫ್ರಾನ್ಸಿಸನು 1226ರ ತನ್ನ ಮರಣಶಾಸನದಲ್ಲಿ ಕಟ್ಟಪ್ಪಣೆ ಮಾಡಿದ್ದನು.

ಆದರೆ ವ್ಯಾಖ್ಯಾನಕ್ಕೆ ನಾಲ್ಕು ವರ್ಷಗಳೂ ಹಿಡಿಯಲಿಲ್ಲ. 1228ರಲ್ಲಿ ಅಸ್ಸೀಸಿಯಲ್ಲಿ ಅವನ ಸಮಾಧಿಗಾಗಿ ಭವ್ಯವಾದ ದೇವಾಲಯದ ನಿರ್ಮಾಣ ಆರಂಭವಾಯಿತು. 1230ರಲ್ಲಿ ಒಂಬತ್ತನೆಯ ಗ್ರೆಗೊರಿಯು ಆ ಮರಣಶಾಸನವು ಸಂಘವನ್ನು ಬಂಧಿಸುವುದಿಲ್ಲವೆಂದು ಸಾರಿದನು. ಬೆಳೆಯುತ್ತಿದ್ದ ಸಂಘಕ್ಕೆ ವಸತಿ, ಗ್ರಂಥ, ಪಾಠಶಾಲೆಗಳು ಅವಶ್ಯಕವಾಗಿದ್ದುವೆಂಬುದನ್ನು ನಾವು ಮರೆಯಲಾಗದು. 1245ರಲ್ಲಿ ನಾಲ್ಕನೆಯ ಇನ್ನೊಸೆಂಟನು ಸಂಘದ ಉಪಯೋಗದಲ್ಲಿದ್ದ ವಸ್ತುಗಳ ಸ್ವಾಮ್ಯವನ್ನು ರೋಮಿನ ಪೀಠಕ್ಕೆ ವಹಿಸಿಕೊಂಡನು. ಭಿಕ್ಷುಗಳಿಗಿರುವುದು ಹಕ್ಕಿಲ್ಲದ ಉಪಯೋಗ ಮಾತ್ರವೆಂಬ ಸಿದ್ಧಾಂತವನ್ನು ಮೂರನೆಯ ನಿಕೊಲಾಸನು 1279ರಲ್ಲಿ ಸ್ಥಿರಪಡಿಸಿದನು. ಹೀಗೆ ಉಪಯೋಗ ಒಬ್ಬರದು, ಒಡೆತನ ಇನ್ನೊಬ್ಬರದು ಎಂಬ ಏರ್ಪಾಡು ನೆಲೆಗೊಂಡಿತು.

ಈ ಏರ್ಪಾಡು ಕಠೋರವ್ರತಿಗಳಿಗೆ ಒಪ್ಪಿಗೆಯಾಗಲಿಲ್ಲ. ಕಾಗದದ ಮೇಲಣ ಬಡತನ ಸಾಲದು, ಉಪಯೋಗವೂ ಬಡವಾಗಿರಬೇಕು ಎಂಬುದು ಅವರ ಹಠ. ಮೊಟಕಾದ ನಿಲುವಂಗಿ, ಧಾನ್ಯದ ಕಣಜ, ದ್ರಾಕ್ಷಾಮದ್ಯದ ನೆಲಮಾಳಿಗೆ ಇವೇ ಕಲಹದ ವಿಷಯಗಳಾದುವು. ಇಂಥವುಗಳನ್ನು ಮೇಲಧಿಕಾರಿಗಳ ವಿವೇಚನೆಗೆ ಬಿಡಬೇಕೆಂದು ಇಪ್ಪತ್ತೆರಡನೆಯ ಜಾನನು 1317ರಲ್ಲಿ ಆಜ್ಞಾಪಿಸಿದನು. ಅದಕ್ಕೆ ತಲೆಬಾಗದ ನಾಲ್ವರು ಭಿಕ್ಷುಗಳನ್ನು 1318ರಲ್ಲಿ ಮಾರ್ಸೇಲ್ಸಿನಲ್ಲಿ ಜೀವಂತವಾಗಿ ಸುಡಲಾಯಿತು.

1322ರಲ್ಲಿ ಅದೇ ಪೋಪನು ಸಂಘದ ಸ್ವತ್ತುಗಳ ಮೇಲಣ ಸ್ವಾಮ್ಯವನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟನು. ಭಿಕ್ಷುವು ತಿನ್ನುವ ಒಂದು ಮೊಟ್ಟೆಗೋ ರೊಟ್ಟಿಯ ತುಣುಕಿಗೋ ರೋಮಿನ ಪೀಠವು ಒಡೆಯನೆಂದರೆ ಯಾರು ನಂಬುವರು ಎಂಬುದು ಅವನ ಆಕ್ಷೇಪ. ಅದಕ್ಕಿಂತಲೂ ಗಮನಾರ್ಹವಾದುದು ಅವನ ಇನ್ನೊಂದು ಮಾತು: ಸ್ವಾಮ್ಯವನ್ನು ತೊರೆದ ಮೇಲೆಯೂ ಗಳಿಕೆಯ ಚಿಂತೆ ಕುಗ್ಗದಿದ್ದರೆ ಆ ತ್ಯಾಗದಿಂದ ಪರಿಪೂರ್ಣತೆಯೇನೂ ಹೆಚ್ಚದು. ಕ್ರಿಸ್ತನೂ ಅಪೊಸ್ತಲರೂ ಏನನ್ನೂ ಹೊಂದಿರಲಿಲ್ಲವೆಂದು ಸಾಧಿಸುವುದು ಪಾಷಂಡವೆಂದು ಅವನು 1323ರಲ್ಲಿ ಘೋಷಿಸಿದನು. ಸಂಘದ ಮಹಾಧಿಪತಿ ಚೆಸೇನದ ಮೈಕೇಲನೂ ದಾರ್ಶನಿಕ ಓಕ್ಹಾಮಿನ ವಿಲಿಯಮನೂ 1328ರಲ್ಲಿ ಅವಿನ್ಯೋನಿನಿಂದ ಪಲಾಯನ ಮಾಡಿದರು.

ಬೊಕ್ಕಸವನ್ನು ತುಂಬುವುದರಲ್ಲಿ ನಿಪುಣನಾಗಿದ್ದ ಪೋಪನ ಬಾಯಲ್ಲಿ ಈ ವಾದವು ವಿಚಿತ್ರವಾಗಿ ಕೇಳುವುದು ನಿಜ. ಮಾರ್ಸೇಲ್ಸಿನ ಕ್ರೌರ್ಯಕ್ಕೆ ಅದರಿಂದ ಸಮರ್ಥನೆಯೂ ದೊರೆಯದು. ಆದರೆ ಹೇಳಿದವನ ನಡತೆಯಿಂದ ವಾದವು ಸುಳ್ಳಾಗುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಉಭಯ ಪಕ್ಷಗಳೂ ಫ್ರಾನ್ಸಿಸನಿಂದ ದೂರ ಸರಿದಿದ್ದುವು. ಅವನು ತಂದೆಯ ಬಟ್ಟೆಯನ್ನು ಹಿಂದಿರುಗಿಸಿದಾಗ ಅದರ ಚಿಂತೆಯನ್ನೂ ಅಲ್ಲಿಯೇ ಬಿಟ್ಟು ನಡೆದಿದ್ದನು. ಅವನ ಅನುಯಾಯಿಗಳಿಗಾದರೋ ಬಡತನವೇ ಕಾಯ್ದುಕೊಳ್ಳಬೇಕಾದ ಸ್ವತ್ತಾಯಿತು. ಸ್ವಾಮ್ಯವನ್ನು ಶಾಸನಗಳು ವರ್ಗಾಯಿಸಬಲ್ಲುವು, ಸಂತೃಪ್ತಿಯನ್ನು ವರ್ಗಾಯಿಸಲಾರವು.