ಮಹಾವೀರಾಚಾರ್ಯನ ಚಾಪಗಣಿತ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ (ಕ್ರಿ. ಶ. ೮೧೪–೮೭೮) ಕಾಲದಲ್ಲಿ ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ವು ಸಂಸ್ಕೃತ ಗ್ರಂಥವಾದರೂ, ಅದು ಉಳಿದುಬಂದುದರಲ್ಲಿ ಕನ್ನಡ ಲಿಪಿಗೆ ದೊಡ್ಡ ಪಾಲುಂಟು. ೧೯೧೨ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದಾಗ ಆಧಾರವಾದ ಪ್ರತಿಗಳಲ್ಲಿ ಒಂದು, ಮೂಡುಬಿದಿರೆಯ ಓಲೆಗರಿಯಿಂದ ಕನ್ನಡ ಲಿಪಿಯಲ್ಲಿ ಇಳಿಸಿಕೊಂಡ ನಕಲು. ಧವಲ, ಜಯಧವಲಗಳನ್ನು ಕಾಪಾಡಿದ ಊರು ಗಣಿತವನ್ನೂ ಕಾಪಾಡಿತು.

ಈ ಗ್ರಂಥದ ಕ್ಷೇತ್ರಗಣಿತದಲ್ಲಿ ವೃತ್ತಖಂಡಕ್ಕೆ ಬಿಲ್ಲಿನ ರೂಪವನ್ನು ಹೇಳಿದೆ. ಬಾಗಿದ ಅಂಚು ಚಾಪ. ಅದರ ತುದಿಗಳನ್ನು ಕೂಡಿಸುವ ರೇಖೆ ಜ್ಯಾ. ನಡುವಿನ ಎತ್ತರ ಬಾಣ. ಬಾಣದ ವರ್ಗವನ್ನು ೫ರಿಂದ ಗುಣಿಸಿ, ಜ್ಯಾವರ್ಗವನ್ನು ಕೂಡಿಸಿ, ವರ್ಗಮೂಲವನ್ನು ತೆಗೆದರೆ ವ್ಯಾವಹಾರಿಕ ಚಾಪ ಬರುತ್ತದೆ. ೬ರಿಂದ ಗುಣಿಸಿದರೆ ಸೂಕ್ಷ್ಮ ಚಾಪ.

ಇದು ಇಂದಿನ ವಿಲೋಮ ಕೊಸೈನಿನ ಕೆಲಸವೇ. ತ್ರಿಜ್ಯದಲ್ಲಿ ಬಾಣವನ್ನು ಕಳೆದು ತ್ರಿಜ್ಯದಿಂದಲೇ ಭಾಗಿಸಿದರೆ, ಚಾಪವು ಕೇಂದ್ರದಲ್ಲಿ ಮಾಡುವ ಕೋನದ ಅರ್ಧಕ್ಕೆ ಕೊಸೈನ್ ದೊರೆಯುತ್ತದೆ. ಅದರಿಂದ ಆ ಅರ್ಧಕೋನವನ್ನು ರೇಡಿಯನ್ನಿನಲ್ಲಿ ಪಡೆದು ವ್ಯಾಸದಿಂದ ಗುಣಿಸಿದರೆ ನಿಜವಾದ ಚಾಪ. ಸಂಖ್ಯಾಶಾಸ್ತ್ರದ ಗಣಕ ತಂತ್ರಾಂಶಗಳು ಈ ಕೋನವನ್ನು ಒಂದೇ ಆಜ್ಞೆಗೆ ಕೊಡುವುದರಿಂದ, ಹಳೆಯ ಸೂತ್ರಗಳ ಪರೀಕ್ಷೆ ಸುಲಭವಾಗಿದೆ.

ತ್ರಿಜ್ಯ ೧ ಆಗಿರುವ ಅರ್ಧವೃತ್ತದಲ್ಲಿ ಬಾಣ ೧, ಜ್ಯಾ ೨. ವ್ಯಾವಹಾರಿಕ ಸೂತ್ರದಿಂದ ೯ರ ಮೂಲವಾದ ೩, ಸೂಕ್ಷ್ಮ ಸೂತ್ರದಿಂದ ೧೦ರ ಮೂಲ, ಎಂದರೆ ೩.೧೬೨ ಬರುತ್ತವೆ. ನಿಜವಾದ ಬೆಲೆ ೩.೧೪೨. ಜೈನ ಗಣಿತದಲ್ಲಿ ಪರಿಧಿಗೂ ವ್ಯಾಸಕ್ಕೂ ಹೇಳುವ ಸ್ಥೂಲ, ಸೂಕ್ಷ್ಮ ಪ್ರಮಾಣಗಳು ಇವೇ ಆದುದರಿಂದ, ೫ ಮತ್ತು ೬ ಎಂಬ ಗುಣಕಗಳು ಅರ್ಧವೃತ್ತದಿಂದಲೇ ಹುಟ್ಟಿದವೆಂದು ತೋರುತ್ತದೆ. ಇಲ್ಲಿ ‘ಸೂಕ್ಷ್ಮ’ವೆಂಬ ಹೆಸರು ಅನ್ವರ್ಥವಾಗಿದೆ.

ಆದರೆ ಚಾಪವು ಕಿರಿದಾದಂತೆ ಸ್ಥಿತಿ ಬದಲಾಗುತ್ತದೆ. ವ್ಯಾಸ ೨೬, ಬಾಣ ೧ ಆದರೆ ಜ್ಯಾ ೧೦. ವ್ಯಾವಹಾರಿಕ ಚಾಪ ೧೦.೨೪೭, ಸೂಕ್ಷ್ಮ ಚಾಪ ೧೦.೨೯೬, ೧೨/೧೩ರ ವಿಲೋಮ ಕೊಸೈನಿನಿಂದ ದೊರೆಯುವ ನಿಜವಾದ ಚಾಪ ೧೦.೨೬೫. ಸ್ಥೂಲವೆನಿಸಿದುದೇ ನಿಜಕ್ಕೆ ಹೆಚ್ಚು ಹತ್ತಿರ! ವ್ಯಾಸ ೧೦, ಬಾಣ ೨ ಆದಲ್ಲಿ ಎರಡರ ದೋಷವೂ ಹೆಚ್ಚುಕಡಿಮೆ ಸಮ. ಇದಕ್ಕೆ ಕಾರಣವು ಸ್ಪಷ್ಟವಾಗಿದೆ: ಅತ್ಯಲ್ಪ ಚಾಪಕ್ಕೆ ತಕ್ಕ ಗುಣಕ ೧೬/೩, ಅದು ೬ಕ್ಕಿಂತ ೫ಕ್ಕೆ ಸಮೀಪ, ಅರ್ಧವೃತ್ತಕ್ಕೆ ತಕ್ಕುದು ಸುಮಾರು ೫.೮೭, ಅದು ೬ಕ್ಕೆ ಸಮೀಪ.

ಆದಕಾರಣ ಈ ಎರಡು ಸೂತ್ರಗಳನ್ನು ಕೀಳು ಮೇಲೆಂದು ಎಣಿಸುವುದು ಯುಕ್ತವಲ್ಲ. ತಗ್ಗಿದ ಬಿಲ್ಲಿಗೆ ಒಂದು, ತುಂಬಿದ ಬಿಲ್ಲಿಗೆ ಇನ್ನೊಂದು ಎಂದು ಪಾಠ ಹೇಳುವುದೇ ಸರಿಯಾದ ಕ್ರಮ. ಪ್ರಾಚೀನ ಶಾಸ್ತ್ರಗ್ರಂಥದ ಪರಿಭಾಷೆಯನ್ನು ನಿಘಂಟಿನಿಂದ ಮಾತ್ರವಲ್ಲದೆ ಲೆಕ್ಕದಿಂದಲೂ ಅರ್ಥಮಾಡಬೇಕೆಂಬುದಕ್ಕೆ ಇದೊಂದು ನಿದರ್ಶನ.