ನಾಲ್ಕು ತಾಲ್ಲೂಕುಗಳ ಚರಿತ್ರೆಗೆ ಒಂದು ಎಂ.ಎ. ಸಾಕೇ?

ಬಿ.ಎ. ಮುಗಿಸಿದ ನನ್ನ ಅಕ್ಕನ ಮಗಳು ಒಂದು ದಿನ ಬಂದು, "ಮಾಮೂ, ಎಂ.ಎ.ಗೆ ಕನ್ನಡ ತಗೊಳ್ಳಲಾ, ಇತಿಹಾಸ ತಗೊಳ್ಳಲಾ? ಎರಡೂ ಬೇಕು ಅನ್ಸುತ್ತೆ" ಎಂದಳು. ಎರಡೂ ಬೇಕೆನ್ನುವವರನ್ನು ನಮ್ಮಲ್ಲಿ ಗೊಂದಲದವರೆಂದೇ ಎಣಿಸುತ್ತಾರೆ. ಬಿ.ಎಡ್. ಮಾಡಿಸಿ ಕೆಲಸಕ್ಕೆ ಹಚ್ಚಿ ಎಂಬ ಸಲಹೆಯೂ ಮನೆಯಲ್ಲಿತ್ತು. ನಾನು ನೇರ ಉತ್ತರ ಕೊಡದೆ ನಮ್ಮ ಸುತ್ತಲಿನ ಕೆಲವು ಕಲ್ಲುಗಳ ವಿಷಯ ಹೇಳಿದೆ.

ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಲಸ ಆರಂಭವಾದದ್ದು 1911ರಲ್ಲಿ. ಆಗ ಅಲ್ಲಿ ಟಿಪ್ಪು ಸುಲ್ತಾನರ ಪರ್ಷಿಯನ್ ಶಾಸನವೊಂದು ದೊರೆಯಿತು. ಇಂದಿಗೂ ಅದನ್ನು ಅಲ್ಲೇ ನೋಡಬಹುದು. ಕಾವೇರಿಗೆ ಕಟ್ಟೆ ಕಟ್ಟುವ ಸಂಕಲ್ಪ ಅದರಲ್ಲಿದೆ. ಹೊಸದಾಗಿ ಸಾಗುವಳಿ ಮಾಡುವವರು ಸರ್ಕಾರಕ್ಕೆ ಸಲ್ಲಿಸಬೇಕಾದುದರಲ್ಲಿ ಮುಕ್ಕಾಲು ಪಾಲು ಕೊಟ್ಟರೆ ಸಾಕು, ಉಳಿದ ಕಾಲುಪಾಲು ದೇವರ ಹೆಸರಿನಲ್ಲಿ ಮಾಫಿ. ಆ ಭೂಮಿ ಅವರ ಸಂತತಿಗೇ ಉಳಿಯುತ್ತದೆ ಎಂದೂ ಇದೆ. ಕಾಲ ಹೇಳಿರುವುದು ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ಸೌರವರ್ಷದಲ್ಲಿ. ಹಿಜರಿ ಎಂದುಕೊಂಡು ಲೆಕ್ಕ ಹಾಕಿದವನು ದಾರಿ ತಪ್ಪುತ್ತಾನೆ. ಭಾಷೆ ತಿಳಿದವನಿಗೆ ಕಂದಾಯ ತಿಳಿಯದು, ಕಂದಾಯ ತಿಳಿದವನಿಗೆ ಲಿಪಿ ತಿಳಿಯದು, ಇಬ್ಬರಿಗೂ ನೀರಾವರಿಯ ಚರಿತ್ರೆ ಬೇಕು. ಒಂದೇ ಕಲ್ಲಿಗೆ ಎಷ್ಟು ವಿಭಾಗಗಳ ಬಾಗಿಲು ತಟ್ಟಬೇಕು!

ಗಂಜಾಮಿನ ಗುಂಬಜ್‌ಗೆ ನಾವೆಲ್ಲ ಹೋಗಿದ್ದೇವೆ, ಫಾತಿಹಾ ಓದಿ ಬಂದಿದ್ದೇವೆ. ಅಲ್ಲಿನ ಪರ್ಷಿಯನ್ ಪದ್ಯಗಳಲ್ಲಿ ಮರಣದ ವರ್ಷವನ್ನು ಅಕ್ಷರಗಳ ಬೆಲೆ ಕೂಡಿಸಿ ತಿಳಿಯುವಂತೆ ಅಡಗಿಸಿದ್ದಾರೆ. ಇದು ಅಬ್ಜದ್ ಲೆಕ್ಕ. ಬಿಸ್ಮಿಲ್ಲಾಹ್‌ಗೆ ಬದಲಾಗಿ ಕಾಗದದ ಮೇಲೆ 786 ಎಂದು ಬರೆಯುವುದೂ ಇದೇ ಲೆಕ್ಕದಿಂದ. ನಮ್ಮ ಮನೆಯ ಅಜ್ಜಿಯರಿಗೂ ಪರಿಚಯವಿರುವ ಈ ವಿದ್ಯೆ ಶಾಸನ ಓದುವವನಿಗೆ ಉಪಕರಣವಾಗುತ್ತದೆ ಎಂದಾಗ ಹುಡುಗಿ ಬೆರಗಾದಳು.

ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಹೈದರ್ ಮತ್ತು ಟಿಪ್ಪು ಅವರ ಸೇವೆಯಲ್ಲಿದ್ದ ಫ್ರೆಂಚರು ಅಲ್ಲಿ ಬೀಡುಬಿಟ್ಟಿದ್ದರು. ಅದೇ ತಾಲ್ಲೂಕಿನ ತೊಣ್ಣೂರು, ಮೇಲುಕೋಟೆಗಳಲ್ಲಿ ತಮಿಳು ಶಾಸನಗಳಿವೆ. ಕೆ.ಆರ್. ಪೇಟೆಯ ಹೊಸಹೊಳಲಿನಲ್ಲಿ ಹೊಯ್ಸಳರ ದೇವಾಲಯ, ನಾಗಮಂಗಲದ ಕಂಬದಹಳ್ಳಿಯಲ್ಲಿ ಜೈನ ಬಸದಿ. ಇವುಗಳಲ್ಲಿ ಯಾವುದೂ ಒಂದೇ ಸಮುದಾಯದ, ಒಂದೇ ಭಾಷೆಯ ಸೊತ್ತಲ್ಲ.

ಬಿ.ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದಲ್ಲಿ ಶ್ರೀರಂಗಪಟ್ಟಣದ ಶಾಸನಗಳನ್ನು 1894ರಲ್ಲೇ ಅಚ್ಚು ಹಾಕಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿ ತಂದ 6ನೇ ಸಂಪುಟ (1977) ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳದ್ದು. 7ನೆಯದರಲ್ಲಿ (1979) ನಾಗಮಂಗಲ ಸೇರಿದೆ. ನಮ್ಮ ನಾಲ್ಕೂ ತಾಲ್ಲೂಕುಗಳು ಈ ಎರಡು ಪುಸ್ತಕಗಳಲ್ಲಿ ಸಿಗುತ್ತವೆ. ಕನ್ನಡದ ವಿದ್ವಾಂಸರು ಇತಿಹಾಸದ ಕೆಲಸ ಮಾಡಿದ್ದರ ಫಲ ಇದು. ಅದೇ ಸಂಸ್ಥೆಯಲ್ಲಿ ಜಾನಪದವನ್ನು ಬೆಳೆಸಿದ ಜೀ.ಶಂ. ಪರಮಶಿವಯ್ಯನವರು ನಾಗಮಂಗಲ ತಾಲ್ಲೂಕಿನವರು. ಸಾಹಿತ್ಯ, ಸಮಾಜ, ಆಚರಣೆ ಒಟ್ಟಿಗೆ ಬರುವ ಜಾನಪದ ಎಂ.ಎ. ಕೂಡ ಒಂದೇ ಚೌಕಟ್ಟಿನ ಓದಲ್ಲ.

ನಮ್ಮವರಲ್ಲಿ ಈ ದಾರಿ ಹಿಡಿದವರಿಲ್ಲವೆ? ಹೈದರ್, ಟಿಪ್ಪು ಕುರಿತು ಬರೆದ ಪ್ರೊ. ಬಿ. ಶೇಖ್ ಅಲಿಯವರು ಮೈಸೂರಿನಲ್ಲಿ ಇತಿಹಾಸ ಕಲಿಸಿ, 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳಾದರು. ಕನ್ನಡದ ಪ್ರಾಧ್ಯಾಪಕರಾದ ರಹಮತ್ ತರೀಕೆರೆಯವರು ದರ್ಗಾಗಳಿಗೆ ಅಲೆದು 'ಕರ್ನಾಟಕದ ಸೂಫಿಗಳು' ಬರೆದರು. ಆದರೆ ಇಂಥವರ ಹೆಸರು ಹೇಳಲು ಕೈಬೆರಳು ಸಾಕು ಎಂಬುದೇ ನೋವು. 1799ರ ನಂತರ ಟಿಪ್ಪುವಿನ ಗ್ರಂಥಾಲಯ ಕಂಪನಿಯವರ ಪಾಲಾಯಿತು. ಸುಮಾರು 2,000 ಸಂಪುಟಗಳ ಆ ಸಂಗ್ರಹದ ವಿವರಪಟ್ಟಿಯನ್ನು ಚಾರ್ಲ್ಸ್ ಸ್ಟುವರ್ಟ್ 1809ರಲ್ಲಿ ಕೇಂಬ್ರಿಜ್‌ನಲ್ಲಿ ಅಚ್ಚು ಹಾಕಿಸಿದ. ಪುಸ್ತಕಗಳು ಹೋದದ್ದು ಯುದ್ಧದಿಂದ. ಓದುವ ಭಾಷೆಯನ್ನು ಮಾತ್ರ ನಾವೇ ಬಿಟ್ಟೆವು.

ಹಾಗೆಂದು ಅವಳಿಗೆ ಬರೀ ಆದರ್ಶ ಹೇಳಿ ಕಳಿಸಲಿಲ್ಲ. ನೆಟ್, ಕೆ-ಸೆಟ್ ಪರೀಕ್ಷೆಗಳು ವಿಷಯವಾರು ನಡೆಯುತ್ತವೆ. ಉಪನ್ಯಾಸಕರ ಕೆಲಸಕ್ಕೆ ಅರ್ಜಿ ಹಾಕುವಾಗ ಪದವಿಪತ್ರದಲ್ಲಿ ಯಾವ ವಿಷಯ ಎಂದು ಮೊದಲು ನೋಡುತ್ತಾರೆ. ಆದ್ದರಿಂದ ಹೆಸರಿಗೆ ಒಂದು ವಿಷಯ ಗಟ್ಟಿಯಾಗಿರಲಿ, ಬೇರೆ ವಿಭಾಗದ ಮುಕ್ತ ಆಯ್ಕೆಯ ಪತ್ರಿಕೆಯನ್ನು ಸುಲಭ ಅಂಕಕ್ಕಾಗಿ ಆರಿಸಬೇಡ ಎಂದೆ.

ಅವಳು ಇತಿಹಾಸಕ್ಕೆ ಸೇರಿದಳು. ಭಾನುವಾರ ನಮ್ಮ ಬೀದಿಯ ಹಿರಿಯ ಮೌಲವಿ ಸಾಹೇಬರಲ್ಲಿ ಪರ್ಷಿಯನ್ ಪಾಠ. ಮೊನ್ನೆ ಕೃಷ್ಣರಾಜಸಾಗರದ ಆ ಕಲ್ಲಿನ ಮುಂದೆ ನಿಂತು ಮೊದಲ ಎರಡು ಸಾಲು ಕೂಡಿಸಿ ಓದಿದಳು. ಮೂರನೆಯದರಲ್ಲಿ ತಡವರಿಸಿ, "ಮುಂದಿನ ವಾರ ನೋಡೋಣ ಮಾಮೂ" ಎಂದಳು.